ಕುಲ್ಫಿ ಬಿಡುತ್ತದೆ, ಐಸು ಬಿಡುವುದಿಲ್ಲ

ಬೇಸಿಗೆ ಹತ್ತಿರ ಬಂದಂತೆ ನನ್ನ ಅಂಚೆಯಲ್ಲಿ ಐಸಿನ ಪ್ರಶ್ನೆಗಳು ಶುರುವಾಗುತ್ತವೆ. ಪುಣೆಯ ಕೊತ್ರೂಡಿನ ಗೃಹಿಣಿಯೊಬ್ಬರು ಕೇಳುತ್ತಾರೆ: ಫ್ರೀಜರಿನಲ್ಲಿಟ್ಟ ಸ್ಟೀಲ್ ಡಬ್ಬಿ ತಳದ ತಗಡಿಗೆ ಕಚ್ಚಿಕೊಂಡುಬಿಡುತ್ತದೆ, ಎಳೆದರೆ ಫ್ರಿಜ್ಜೇ ಅಲುಗಾಡುತ್ತದೆ, ಏನು ಹಚ್ಚಿದರೆ ಸುಲಭವಾಗಿ ಬಿಟ್ಟೀತು? ಸೋಲಾಪುರದ ಕಡೆ ಐಸ್‌ಕ್ಯಾಂಡಿ ಮಾಡುವ ಹುಡುಗನೊಬ್ಬನ ಪ್ರಶ್ನೆ ಇನ್ನೂ ಚೆನ್ನಾಗಿದೆ: ಗಿರಾಕಿಗಳು ಸಿಹಿ ಕಡಿಮೆ ಮಾಡು ಅನ್ನುತ್ತಾರೆ ಸರ್, ಸಕ್ಕರೆ ಕಡಿಮೆ ಮಾಡಿದರೆ ಕ್ಯಾಂಡಿ ಅಚ್ಚಿನಿಂದ ಬಿಡುವುದೇ ಇಲ್ಲ, ಕಡ್ಡಿ ಮಾತ್ರ ಕೈಗೆ ಬರುತ್ತದೆ. ಉತ್ತರ ಅರ್ಧ ತನ್ನ ಪ್ರಶ್ನೆಯಲ್ಲೇ ಇದೆ ಎಂಬುದು ಅವನಿಗೆ ಗೊತ್ತಿಲ್ಲ.

ಪುಣೆಯಲ್ಲಿ ರಾತ್ರಿ ಊಟವಾದ ಮೇಲೆ ಬೀದಿಗಿಳಿದರೆ ಕೆಂಪು ಬಟ್ಟೆ ಸುತ್ತಿದ ಮಡಕೆಯ ಗಾಡಿ ಸಿಕ್ಕೇ ಸಿಗುತ್ತದೆ. ಮಡಕೆಯೊಳಗೆ ಐಸು ಮತ್ತು ಉಪ್ಪು, ಅದರ ನಡುವೆ ಲೋಹದ ಕೊಳವೆಯಂಥ ಅಚ್ಚುಗಳು. ಕುಲ್ಫಿವಾಲಾ ಒಂದು ಅಚ್ಚು ತೆಗೆದು ಎರಡು ಅಂಗೈಗಳ ನಡುವೆ ಉರುಳಿಸುತ್ತಾನೆ, ಮುಚ್ಚಳ ತೆಗೆದು ಒಂದು ತಿರುವು ಕೊಡುತ್ತಾನೆ, ಕುಲ್ಫಿ ಇಡಿಯಾಗಿ ಹೊರಗೆ ಜಾರುತ್ತದೆ. ಉಪ್ಪು ಮತ್ತು ಐಸಿನ ಮಿಶ್ರಣ ಮೈನಸ್ 21 ಡಿಗ್ರಿಯ ತನಕ ಇಳಿಯಬಲ್ಲದು. ಅಷ್ಟು ತಣ್ಣಗಿನ ಮಡಕೆಯಿಂದ ಬಂದ ಲೋಹ, ಅದರೊಳಗೆ ಗಟ್ಟಿಯಾದ ಹಾಲು, ಆದರೂ ಜಗ್ಗಾಟವಿಲ್ಲ. ಅದೇ ಅಚ್ಚಿಗೆ ಶುದ್ಧ ನೀರು ತುಂಬಿ ಅಷ್ಟೇ ತಣ್ಣಗೆ ಮಾಡಿ, ಹಾಗೇ ಉರುಳಿಸಿ ನೋಡಿ. ಅಂಗೈ ಮರಗಟ್ಟುತ್ತದೆಯೇ ಹೊರತು ಐಸು ಕದಲುವುದಿಲ್ಲ.

ಶುದ್ಧ ಐಸು ಲೋಹವನ್ನು ಎಷ್ಟು ಬಿಗಿಯಾಗಿ ಹಿಡಿಯುತ್ತದೆ? ಉಕ್ಕು, ಅಲ್ಯೂಮಿನಿಯಂಗಳ ಮೇಲೆ ಅಳೆದಾಗ ಸಾಮಾನ್ಯವಾಗಿ ಸಿಗುವ ಅಂಕಿಗಳು ನೂರಾರು ಕಿಲೋಪಾಸ್ಕಲ್, ಕೆಲವು ಸಲ ಸಾವಿರದ ಮೇಲೆ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಪ್ರತಿ ಚದರ ಸೆಂಟಿಮೀಟರಿಗೆ ಐದರಿಂದ ಹತ್ತು ಕಿಲೋ ತೂಕದ ಬಲ. ಹತ್ತು ಸೆಂಟಿಮೀಟರ್ ಅಗಲದ ದುಂಡು ಡಬ್ಬಿಯ ತಳ ಸುಮಾರು 78 ಚದರ ಸೆಂಟಿಮೀಟರ್. ಅದರಡಿಯಲ್ಲಿ ನೀರು ಚೆಲ್ಲಿ ಪೂರ್ತಿ ಹೆಪ್ಪುಗಟ್ಟಿದ್ದರೆ, ಐದು ಕಿಲೋ ಎಂದೇ ಹಿಡಿದರೂ, ಬಿಡಿಸಲು ಸುಮಾರು 400 ಕಿಲೋದ ಬಲ ಬೇಕು. ನಿಜದಲ್ಲಿ ಎಲ್ಲೋ ಒಂದು ಮೂಲೆಯಲ್ಲಿ ಬಿರುಕು ಹುಟ್ಟಿ ಅದು ಹರಡುವುದರಿಂದ ಅಷ್ಟು ಬೇಕಾಗುವುದಿಲ್ಲ. ಆದರೂ ಕೊತ್ರೂಡಿನ ಆ ತಾಯಿ ಡಬ್ಬಿಯನ್ನೆಳೆದರೆ ಫ್ರಿಜ್ಜು ಅಲುಗಾಡುವುದರಲ್ಲಿ ಆಶ್ಚರ್ಯವಿಲ್ಲ.

1958ರಲ್ಲಿ ಕೇಂಬ್ರಿಜ್‌ನ ಟೇಬರ್ ಮತ್ತು ರಾರಟಿ ಇದನ್ನು ಪರೀಕ್ಷಿಸಿದಾಗ, ಚೆನ್ನಾಗಿ ಶುಚಿಮಾಡಿದ ಲೋಹದ ಮೇಲೆ ಐಸಿನ ಬೆಸುಗೆ ಐಸಿಗಿಂತಲೂ ಗಟ್ಟಿ ಎಂದು ಕಂಡರು. ಜೋರಾಗಿ ಎಳೆದರೆ ಬೆಸುಗೆ ಬಿಡುವುದಿಲ್ಲ, ಐಸೇ ತುಂಡಾಗುತ್ತದೆ, ಲೋಹದ ಮೇಲೆ ಒಂದು ಪದರ ಉಳಿದುಕೊಳ್ಳುತ್ತದೆ. ಮರುವರ್ಷ ಜೆಲಿನೆಕ್ ಎಂಬ ರಸಾಯನಶಾಸ್ತ್ರಜ್ಞ ಇನ್ನೊಂದು ಸೂಕ್ಷ್ಮ ತೋರಿಸಿದರು. ಸ್ಟೇನ್‌ಲೆಸ್ ಸ್ಟೀಲಿನ ಮೇಲಿನ ಐಸನ್ನು ನೇರ ಮೇಲಕ್ಕೆಳೆದರೆ ಐಸು ಒಡೆಯುತ್ತದೆ, ಪಕ್ಕಕ್ಕೆ ಸರಿಸಿದರೆ ಸುಮಾರು ಮೈನಸ್ 13 ಡಿಗ್ರಿಯ ತನಕ ಬೆಸುಗೆಯೇ ಬಿಡುತ್ತದೆ. ಐಸು ಮತ್ತು ಲೋಹದ ನಡುವೆ ದ್ರವದಂತೆ ವರ್ತಿಸುವ ಅತಿ ತೆಳು ಪದರವೊಂದಿದೆ ಎಂಬುದು ಅವರ ವಿವರಣೆ. ಅಂಥ ಪದರ ಎಳೆತಕ್ಕೆ ಬಗ್ಗುವುದಿಲ್ಲ, ಜಾರಿಕೆಗೆ ಬಗ್ಗುತ್ತದೆ. ಕುಲ್ಫಿವಾಲಾ ಎಳೆಯದೆ ತಿರುಗಿಸುವುದು ಇದೇ ಕಾರಣಕ್ಕೆ. ಅವನಿಗೆ ಜೆಲಿನೆಕ್‌ರನ್ನು ಓದುವ ಅಗತ್ಯ ಬೀಳಲಿಲ್ಲ ಅಷ್ಟೆ.

ಹಾಗಾದರೆ ಇಡೀ ಕಸುಬು ಆ ತೆಳು ಪದರವನ್ನು ದಪ್ಪ ಮಾಡುವುದರಲ್ಲಿದೆ. ರಾಸಾಯನಿಕ ಬೆರೆಸುವುದು ಇದಕ್ಕಾಗಿ. ನೀರಿಗೆ ಉಪ್ಪೋ ಸಕ್ಕರೆಯೋ ಹಾಕಿ ತಣ್ಣಗೆ ಮಾಡಿದರೆ ಐಸಿನ ಹರಳು ನೀರಿನ ಅಣುಗಳನ್ನು ಮಾತ್ರ ಸೇರಿಸಿಕೊಳ್ಳುತ್ತದೆ, ಪುಣೆಯ ಹೌಸಿಂಗ್ ಸೊಸೈಟಿಗಳು ಬ್ಯಾಚುಲರ್ ಹುಡುಗರನ್ನು ಒಳಗೆ ಬಿಡದಂತೆ ಮಿಕ್ಕೆಲ್ಲವನ್ನೂ ಗೇಟಿನಾಚೆ ನಿಲ್ಲಿಸುತ್ತದೆ. ಆಚೆ ನಿಂತ ಉಪ್ಪು ಉಳಿದ ಚೂರು ನೀರಿನಲ್ಲಿ ದಟ್ಟವಾಗುತ್ತ ಹೋಗುತ್ತದೆ. ದಟ್ಟವಾದಷ್ಟೂ ಅದು ಹೆಪ್ಪುಗಟ್ಟುವುದು ಕಷ್ಟ. ಕೊನೆಗೆ ಹರಳು ಹರಳಿನ ಸಂದಿಯಲ್ಲಿ, ಹರಳು ಮತ್ತು ಲೋಹದ ಸಂದಿಯಲ್ಲಿ, ಗಟ್ಟಿಯಾಗದ ಉಪ್ಪುನೀರು ಉಳಿಯುತ್ತದೆ. ಹೀಗೆ ಹೊರದೂಡುವ ಗುಣವನ್ನೇ ಉಪಯೋಗಿಸಿಕೊಂಡು ಪುಣೆಯ ಪಾಷಾಣ್‌ನಲ್ಲಿರುವ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದಲ್ಲಿ ಗುರುಸ್ವಾಮಿ ಕುಮಾರಸ್ವಾಮಿ ಮತ್ತು ಸಂಗಡಿಗರು ಒಂದು ಸೊಗಸಾದ ಕೆಲಸ ಮಾಡಿದ್ದರು. ನೀರಿನಲ್ಲಿ ತೇಲುವ ಸೂಕ್ಷ್ಮ ಕಣಗಳನ್ನು ಐಸಿನ ಹರಳುಗಳಿಂದ ಒತ್ತಿಸಿ ಗೋಡೆಗಳಾಗಿ ಜೋಡಿಸಿ, ಆಮೇಲೆ ಐಸನ್ನು ತೆಗೆದುಹಾಕಿ, ಹಿಂಡಿದರೂ ಮತ್ತೆ ಮೊದಲಿನ ಆಕಾರಕ್ಕೆ ಬರುವ ಸ್ಪಂಜು ತಯಾರಿಸಿದರು. 2014ರಲ್ಲಿ ಅದು ಪ್ರಕಟವಾಯಿತು. ಅಲ್ಲಿ ಐಸು ಅಚ್ಚಿನ ಕೆಲಸ ಮಾಡಿತು, ಕುಲ್ಫಿಯಲ್ಲಿ ಅದೇ ಗುಣ ಅಚ್ಚಿನಿಂದ ಬಿಡಿಸುವ ಕೆಲಸ ಮಾಡುತ್ತದೆ.

ಎಷ್ಟು ಉಪ್ಪು ಸಾಕು? ಇಲ್ಲಿ ಒಂದು ಲೆಕ್ಕ ನೋಡಲೇಬೇಕು, ಏಕೆಂದರೆ ಬಹಳ ಜನ ಮುಷ್ಟಿಗಟ್ಟಲೆ ಬೇಕೆಂದುಕೊಂಡಿದ್ದಾರೆ. ಒಂದು ಲೀಟರ್ ನೀರಿಗೆ ಒಂದೇ ಒಂದು ಗ್ರಾಂ ಅಡುಗೆ ಉಪ್ಪು ಹಾಕಿ ಮೈನಸ್ 10 ಡಿಗ್ರಿಗೆ ಇಳಿಸಿ. ಆ ಉಷ್ಣಾಂಶದಲ್ಲಿ ಐಸಿನ ಜೊತೆಗೆ ದ್ರವವಾಗಿ ಉಳಿಯುವ ಉಪ್ಪುನೀರಿನ ದಟ್ಟಣೆ ಶೇ. 14ರ ಹತ್ತಿರ. ಅಂದರೆ ಆ ಒಂದು ಗ್ರಾಂ ಉಪ್ಪು ಸುಮಾರು ಏಳು ಗ್ರಾಂ ದ್ರವವನ್ನು ಉಳಿಸಿಕೊಳ್ಳುತ್ತದೆ. ನಾಲಿಗೆಗೆ ಉಪ್ಪೆಂದು ಗೊತ್ತಾಗುವುದೂ ಕಷ್ಟ, ಆದರೆ ಒಂದು ಕಿಲೋ ಐಸಿನ ಸಂದುಗೊಂದುಗಳಲ್ಲಿ ಏಳು ಗ್ರಾಂ ದ್ರವ ಹರಡಿಕೊಂಡಿದ್ದರೆ ಹಿಡಿತ ಸಡಿಲವಾಗದೆ ಇರುತ್ತದೆಯೇ? ಅಮೆರಿಕದ ಜನರಲ್ ಎಲೆಕ್ಟ್ರಿಕ್ ಪ್ರಯೋಗಾಲಯದಲ್ಲಿ ರಾಬರ್ಟ್ ಸ್ಮಿತ್-ಜೊಹಾನ್ಸನ್ 1940ರ ದಶಕದಲ್ಲೇ ಇದನ್ನು ಅಳೆದು, ನೀರಿನಲ್ಲಿ ಕರಗಿದ ಅತ್ಯಲ್ಪ ಲವಣವೂ ಐಸಿನ ಅಂಟನ್ನು ತಗ್ಗಿಸುತ್ತದೆಂದೂ, ಯಾವ ಲವಣ ಎಂಬುದರ ಮೇಲೆ ಪರಿಣಾಮ ಬದಲಾಗುತ್ತದೆಂದೂ ತೋರಿಸಿದ್ದರು. ಐಸು ಅಂಟದ ಬಣ್ಣ, ಐಸು ಅಂಟದ ಲೇಪ ಎಂದು ಇವತ್ತು ದೊಡ್ಡ ಸುದ್ದಿಯಾಗುತ್ತದಲ್ಲ, ಅದಕ್ಕಿಂತ ಎಷ್ಟೋ ಮುಂಚೆ ನೀರಿನ ಕಡೆಯಿಂದಲೇ ಅರ್ಧ ಸಮಸ್ಯೆ ಬಿಡಿಸಿ ಇಟ್ಟಿದ್ದರು.

ಲೀಟರಿಗೆ ಒಂದು ಗ್ರಾಂ ಎಂಬ ಅಂಕಿ ವಾಘೋಲಿ, ಹಡಪಸರದ ಕಡೆಯ ಓದುಗರಿಗೆ ಗುರುತು ಸಿಕ್ಕಿರಬೇಕು. ಟಿಡಿಎಸ್ 1000 ಎಂದು ಮೀಟರು ತೋರಿಸಿದರೆ ಅದರ ಅರ್ಥ ಇದೇ: ಲೀಟರಿನಲ್ಲಿ ಸುಮಾರು ಒಂದು ಗ್ರಾಂ ಲವಣ ಕರಗಿದೆ. ಹಳೆಯ ಪುಣೆ ಖಡಕವಾಸ್ಲಾ ಅಣೆಕಟ್ಟಿನ ನೀರು ಕುಡಿಯಿತು, ಹೊಸ ಬಡಾವಣೆಗಳು ಬೋರ್‌ವೆಲ್ಲು, ಟ್ಯಾಂಕರುಗಳನ್ನು ನಂಬಿ, ಅಡುಗೆಮನೆಗೊಂದು ಆರ್‌ಒ ಯಂತ್ರ ತೂಗುಹಾಕಿದವು. ಆರ್‌ಒ ಲವಣದ ಬಹುಪಾಲನ್ನು ತೆಗೆಯುತ್ತದೆ. ಆ ನೀರನ್ನೇ ಐಸಿಗೆ ಇಟ್ಟರೆ ಲೋಹವನ್ನು ಬಿಗಿಯಾಗಿ ಹಿಡಿಯುವ ಐಸು ಸಿಗುತ್ತದೆ. ಬೋರ್ ನೀರಿನ ಲವಣವೆಲ್ಲ ಅಡುಗೆ ಉಪ್ಪಲ್ಲ ನಿಜ, ಸುಣ್ಣದ ಅಂಶ ಬೇಗ ಗಸಿಯಾಗಿ ಬೀಳುತ್ತದೆ, ಹಾಗಾಗಿ ಲೆಕ್ಕ ಅಷ್ಟು ನೇರವಲ್ಲ. ಆದರೂ ಮನೆಯಲ್ಲಿ ಎರಡು ಸ್ಟೀಲ್ ಲೋಟ ಇದ್ದವರು ಒಂದರಲ್ಲಿ ಆರ್‌ಒ ನೀರು, ಇನ್ನೊಂದರಲ್ಲಿ ಚಿಟಿಕೆ ಉಪ್ಪಿನ ನೀರು ಇಟ್ಟು ಮರುದಿನ ತಿರುಗಿಸಿ ನೋಡಬಹುದು. ಮಕ್ಕಳ ರಜೆಗೆ ಒಳ್ಳೆಯ ಕೆಲಸ, ಮೊಬೈಲ್ ಕೈಯಿಂದ ಇಳಿದೀತು.

ಸೋಲಾಪುರದ ಹುಡುಗನ ವಿಷಯ ಈಗ ಸುಲಭ. ಸಕ್ಕರೆ ಕಡಿಮೆ ಮಾಡಿದಾಗ ಅವನು ಸಿಹಿಯ ಜೊತೆಗೆ ಕ್ಯಾಂಡಿ ಮತ್ತು ಅಚ್ಚಿನ ನಡುವಿನ ಪಾಕವನ್ನೂ ಕಡಿಮೆ ಮಾಡಿದ. ಹೆಪ್ಪುಗಟ್ಟುವುದನ್ನು ತಡೆಯುವ ಶಕ್ತಿ ಕಣಗಳ ತೂಕದ್ದಲ್ಲ, ಸಂಖ್ಯೆಯದು. ಸಕ್ಕರೆಯ ಅಣು ತೂಕದಲ್ಲಿ 342, ಗ್ಲೂಕೋಸಿನದು 180. ಹಾಗಾಗಿ ಅಷ್ಟೇ ತೂಕದ ಗ್ಲೂಕೋಸ್ ಪುಡಿ ಹತ್ತಿರ ಹತ್ತಿರ ಎರಡು ಪಟ್ಟು ಕೆಲಸ ಮಾಡುತ್ತದೆ, ಸಿಹಿಯಂತೂ ಸಕ್ಕರೆಗಿಂತ ಕಡಿಮೆ. ತೆಗೆದ ಸಕ್ಕರೆಯ ಒಂದು ಪಾಲಿಗೆ ಬದಲಾಗಿ ಗ್ಲೂಕೋಸ್ ಹಾಕಿದರೆ ಗಿರಾಕಿಯೂ ಒಪ್ಪುತ್ತಾನೆ, ಅಚ್ಚೂ ಒಪ್ಪುತ್ತದೆ. ಮಹಾರಾಷ್ಟ್ರದ ಮದುವೆಮನೆಗಳಲ್ಲಿ ಮರದ ಬಕೆಟ್ಟಿನಲ್ಲಿ ತಿರುಗಿಸುವ ಪಾಟ್ ಐಸ್‌ಕ್ರೀಂ ಕೂಡ ಇದನ್ನೇ ನಂಬಿದೆ. ಹಾಲು ಮೊದಲು ಹೆಪ್ಪುಗಟ್ಟುವುದು ಲೋಹದ ಡಬ್ಬಿಯ ಗೋಡೆಗೆ, ಒಳಗಿನ ಮರದ ಪಟ್ಟಿ ಅದನ್ನು ಕೆರೆದು ಹಾಕುತ್ತ ಹೋಗುತ್ತದೆ. ಸಕ್ಕರೆ ಇಲ್ಲದ ಹಾಲಾಗಿದ್ದರೆ ಆ ಮರದ ಪಟ್ಟಿ ಎಷ್ಟು ಹೊತ್ತು ಬಾಳೀತು?

ಇನ್ನು ಫ್ರೀಜರು. ಹಚ್ಚುವ ಪದಾರ್ಥಗಳ ಪಟ್ಟಿಯಲ್ಲಿ ಓದುಗರು ಹೆಚ್ಚಾಗಿ ಬರೆಯುವುದು ಅಡುಗೆ ಸೋಡಾ. ದಯವಿಟ್ಟು ಅದನ್ನು ಇಡ್ಲಿಗೇ ಇಟ್ಟುಕೊಳ್ಳಿ. ಪ್ರತಿ ಲವಣಕ್ಕೂ ಒಂದು ಕೊನೆಯ ಗಡಿ ಇದೆ. ಅದರ ಕೆಳಗೆ ಉಳಿದ ದ್ರವವೂ ಪೂರ್ತಿ ಗಟ್ಟಿಯಾಗುತ್ತದೆ, ನಡುವಿನ ಪದರ ಮಾಯವಾಗುತ್ತದೆ, ಐಸು ಮತ್ತೆ ಲೋಹವನ್ನು ಹಿಡಿಯುತ್ತದೆ. ಅಡುಗೆ ಸೋಡಾದ ಗಡಿ ಮೈನಸ್ ಎರಡು ಚಿಲ್ಲರೆ ಡಿಗ್ರಿ. ಕಡಿಮೆ ಸೋಡಿಯಂ ಎಂದು ಮಾರುವ ಉಪ್ಪಿನಲ್ಲಿರುವ ಪೊಟ್ಯಾಸಿಯಂ ಕ್ಲೋರೈಡಿನದು ಮೈನಸ್ 10.7. ಮಾಮೂಲಿ ಉಪ್ಪಿನದು ಮೈನಸ್ 21.1. ಕ್ಯಾಲ್ಸಿಯಂ ಕ್ಲೋರೈಡಿನದು ಮೈನಸ್ 50ರ ಆಸುಪಾಸು. ಮನೆಯ ಫ್ರೀಜರು ಸಾಧಾರಣವಾಗಿ ಮೈನಸ್ 18ರಲ್ಲಿ ನಿಲ್ಲುತ್ತದೆ. ಅಲ್ಲಿ ಸೋಡಾ ಬರೀ ಪುಡಿ, ಉಪ್ಪು ಇನ್ನೂ ಜೀವಂತ.

ಆದರೆ ಉಪ್ಪನ್ನೂ ನಾನು ಹೇಳುವುದಿಲ್ಲ. ಫ್ರೀಜರಿನ ಒಳತಗಡು ಹೆಚ್ಚಾಗಿ ಅಲ್ಯೂಮಿನಿಯಂ, ಕ್ಲೋರೈಡು ಅದರಲ್ಲಿ ಸಣ್ಣ ಸಣ್ಣ ಗುಳಿ ಕೊರೆಯುತ್ತದೆ, ಮತ್ತು ಅನಿಲ ಹರಿಯುವ ದಾರಿಗಳು ಆ ತಗಡಿನೊಳಗೇ ಇರುತ್ತವೆ. ಮೆಡಿಕಲ್ ಅಂಗಡಿಯ ಗ್ಲಿಸರಿನ್ ಸರಿಯಾದ ಆಯ್ಕೆ: ನೀರಿನೊಂದಿಗೆ ಬೆರೆತ ಗ್ಲಿಸರಿನ್ ಮೈನಸ್ 46 ಡಿಗ್ರಿಯ ತನಕ ದ್ರವವಾಗಿರಬಲ್ಲದು, ಲೋಹವನ್ನು ತಿನ್ನುವುದಿಲ್ಲ. ಫ್ರೀಜರು ಕರಗಿಸಿ ಒರೆಸಿದ ದಿನ ಬಟ್ಟೆಗೆ ಸ್ವಲ್ಪ ಹಾಕಿ ತಳಕ್ಕೆ ಸವರಿ. ನೀರು ಚೆಲ್ಲಿದಂತೆಲ್ಲ ಅದು ತೆಳುವಾಗುತ್ತದೆ, ಮತ್ತೆ ಸವರಬೇಕು. ಅದರ ಜೊತೆಗೆ ಇನ್ನೊಂದು ಮಾತು: ಕಚ್ಚಿಕೊಂಡ ಡಬ್ಬಿಯನ್ನು ಚಾಕುವಿನಿಂದ ಮೀಟಬೇಡಿ. ಈಚಿನ ಹೆಚ್ಚಿನ ಫ್ರಿಜ್ಜುಗಳಲ್ಲಿರುವುದು ಐಸೋಬ್ಯೂಟೇನ್ ಅನಿಲ, ಫ್ರಿಜ್ಜಿನ ಹಿಂಬದಿಯ ಚೀಟಿಯಲ್ಲಿ ಆರ್-600ಎ ಎಂದಿರುತ್ತದೆ. ತೂತಾದರೆ ತಂಪು ಹೋಗುವುದಷ್ಟೇ ಅಲ್ಲ, ಅದು ಬೆಂಕಿ ಹತ್ತುವ ಅನಿಲ.

ಗ್ಲಿಸರಿನ್ನನ್ನು ನೀರಿಗೆ ಬೆರೆಸದೆ ತಗಡಿಗೆ ಸವರಿ ಎಂದೆನಲ್ಲ, ಅದರ ಹಿಂದಿನ ಕಾರಣ ನೋಡಬೇಕಾದರೆ ಐಸ್ ಫ್ಯಾಕ್ಟರಿಗೆ ಹೋಗಬೇಕು. ಶೀತಲ ಯಂತ್ರಗಳ ಕೆಲಸದಲ್ಲಿದ್ದಾಗ ಈ ಭಾಗದ ಹಲವು ಐಸ್ ಫ್ಯಾಕ್ಟರಿಗಳ ಅಮೋನಿಯಾ ವಾಸನೆ ಕುಡಿದಿದ್ದೇನೆ. ದೊಡ್ಡ ತೊಟ್ಟಿಯಲ್ಲಿ ಶೂನ್ಯಕ್ಕಿಂತ ಹತ್ತು ಡಿಗ್ರಿಯಷ್ಟು ಕೆಳಗಿನ ಉಪ್ಪುನೀರು, ಅದರಲ್ಲಿ ಮುಳುಗಿದ ಸತು ಲೇಪದ ಉದ್ದನೆಯ ಡಬ್ಬಗಳು, ಡಬ್ಬದೊಳಗೆ ಸಿಹಿನೀರು. ಡಬ್ಬದ ಬಾಯಿ ತಳಕ್ಕಿಂತ ಕೊಂಚ ಅಗಲ. ಹೆಪ್ಪುಗಟ್ಟುವುದು ಗೋಡೆಯಿಂದ ನಡುವಿನ ಕಡೆಗೆ. ಐಸು ಮುಂದೆ ಸರಿದಂತೆ ಲವಣ, ಗಾಳಿ, ಕೊಳೆ ಎಲ್ಲವನ್ನೂ ನಡುವಿಗೆ ನೂಕುತ್ತದೆ. ಲಾದಿಯ, ಅಂದರೆ ಐಸಿನ ದಿಮ್ಮಿಯ, ಹೊರಭಾಗ ಗಾಜಿನಂತೆ ತಿಳಿಯಾಗಿದ್ದು ನಡುವೆ ಮಾತ್ರ ಬೆಳ್ಳಗೆ ಕಾಣುವುದು ಅದಕ್ಕೇ. ಒಳ್ಳೆಯ ಐಸು ಮಾಡುವವರು ಕೊನೆಯಲ್ಲಿ ಆ ನಡುವಿನ ನೀರನ್ನು ಹೀರಿ ತೆಗೆದು ಹೊಸ ನೀರು ತುಂಬಿಸುತ್ತಾರೆ. ಅಂದರೆ ನೀರಿನಲ್ಲಿ ಬೆರೆತ ಪದಾರ್ಥದ ಬಹುಪಾಲು ಓಡುವುದು ಲೋಹದಿಂದ ದೂರಕ್ಕೆ, ನಮಗೆ ಬೇಡದ ಜಾಗಕ್ಕೆ. ಹರಳುಗಳ ಸಂದಿಯಲ್ಲಿ ಸಿಕ್ಕಿಬಿದ್ದದ್ದು ಮಾತ್ರ ಗೋಡೆಯ ಬಳಿ ಉಳಿದು ನಮ್ಮ ಕೆಲಸಕ್ಕೆ ಬರುತ್ತದೆ. ಕುಲ್ಫಿಯಲ್ಲಿ ಸಕ್ಕರೆ ಧಾರಾಳ, ಹಾಗಾಗಿ ಗೋಡೆಯ ಬಳಿಯೂ ಸಾಕಷ್ಟು ಉಳಿಯುತ್ತದೆ. ಸ್ವಲ್ಪವೇ ಹಾಕುವುದಾದರೆ ಲೋಹದ ಮೇಲೇ ಹಾಕುವುದು ಜಾಣತನ.

ಐಸ್ ಫ್ಯಾಕ್ಟರಿಯವರು ನೀರಿಗೆ ಬೆರೆಸುವುದು, ಲೋಹಕ್ಕೆ ಸವರುವುದು ಎರಡನ್ನೂ ಮಾಡುವಂತಿಲ್ಲ. ಅವರ ಲಾದಿ ಸಿಹಿನೀರಿನದೇ ಆಗಿರಬೇಕು, ತಿಳಿಯಾಗಿರಬೇಕು. ಡಬ್ಬದ ತೂತಿನಿಂದ ಹೊರಗಿನ ಉಪ್ಪುನೀರು ಒಳಸೇರಿದರೆ ಆ ಲಾದಿ ಸುಲಭವಾಗಿ ಜಾರುತ್ತದೆ, ಆದರೆ ಮೆದುವಾಗಿ, ಮಬ್ಬಾಗಿ ಬರುತ್ತದೆ, ಕೊಳ್ಳುವವರಿಲ್ಲ. ಹಾಗಾಗಿ ಅವರು ಡಬ್ಬವನ್ನು ಕ್ರೇನಿನಲ್ಲೆತ್ತಿ ಮಾಮೂಲಿ ನೀರಿನ ತೊಟ್ಟಿಯಲ್ಲಿ ಅದ್ದುತ್ತಾರೆ. ಸುತ್ತಲೂ ಅರ್ಧ ಮಿಲಿಮೀಟರಿನಷ್ಟು ಕರಗಿದರೂ ಸಾಕು, ಡಬ್ಬ ವಾಲಿಸಿದರೆ 150 ಕಿಲೋದ ಲಾದಿ ದಡದಡನೆ ಹೊರಬೀಳುತ್ತದೆ. ಅಷ್ಟಕ್ಕೆ ಕಳೆದುಕೊಳ್ಳುವುದು ಸುಮಾರು ಒಂದು ಲೀಟರ್ ಐಸು. ದ್ರವದ ಪದರ ಇಲ್ಲೂ ಬೇಕೇ ಬೇಕಾಯಿತು, ಅದನ್ನು ರಾಸಾಯನಿಕದ ಬದಲು ಶಾಖದಿಂದ ಕೊಂಡರು ಅಷ್ಟೆ. ಹೀಗೆ ಏನೂ ಬೆರೆಸದ ಐಸಿಗೆ 2018ರಲ್ಲಿ ಸರಕಾರವೇ ಒಂದು ಪದಾರ್ಥ ಬೆರೆಸಲು ಹೇಳಿತು. ತಿನ್ನಲು ಅಲ್ಲದ ಐಸು ಗೋಲಾ ಗಾಡಿಗೆ, ಕಬ್ಬಿನ ಹಾಲಿಗೆ ಹೋಗಬಾರದೆಂದು ಅದನ್ನು ನೀಲಿ ಮಾಡಬೇಕೆಂಬ ನಿಯಮ ಮಹಾರಾಷ್ಟ್ರದಲ್ಲೂ ಬಳಿಕ ದೇಶದಲ್ಲೂ ಬಂತು. ಬಣ್ಣದ ಮಿತಿ ಹತ್ತು ಲಕ್ಷಕ್ಕೆ ಹತ್ತು ಪಾಲು, ಅಂದರೆ ಒಂದು ಟನ್ನಿಗೆ ಹತ್ತು ಗ್ರಾಂ. ನೀಲಿ ಲಾದಿ ಡಬ್ಬದಿಂದ ಬೇಗ ಬಿಡುತ್ತದೆಯೇ ಎಂದು ಒಬ್ಬರು ಕೇಳಿದ್ದರು. ಆ ಬಣ್ಣದ ಅಣು ಭಾರ, ಪ್ರಮಾಣ ಅತ್ಯಲ್ಪ, ಕಣಗಳ ಲೆಕ್ಕ ಹಾಕಿದರೆ ಲೀಟರಿಗೆ ಒಂದು ಗ್ರಾಂ ಉಪ್ಪಿನ ಹತ್ತಿರಕ್ಕೂ ಬರುವುದಿಲ್ಲ. ನೀಲಿ ಕಣ್ಣಿಗೆ ಮಾತ್ರ.

ಲೋಹದ ಮೇಲೆಯೇ ದ್ರವ ಹಾಕುವ ಉಪಾಯವನ್ನು ಪೂರ್ತಿಯಾಗಿ ದುಡಿಸಿಕೊಂಡವರು ವಿಮಾನದವರು. ಮೋಡದೊಳಗೆ ಶೂನ್ಯಕ್ಕಿಂತ ಕೆಳಗಿದ್ದರೂ ಹೆಪ್ಪುಗಟ್ಟದ ಹನಿಗಳಿರುತ್ತವೆ, ರೆಕ್ಕೆಯ ಅಂಚಿಗೆ ಬಡಿದ ಕ್ಷಣ ಐಸಾಗಿ ಅಂಟುತ್ತವೆ. ಪಾಷಾಣ್‌ನಲ್ಲೇ ಇರುವ ಉಷ್ಣವಲಯ ಹವಾಮಾನ ಸಂಸ್ಥೆಯವರು 2009ರಿಂದ ಮೋಡಗಳೊಳಗೆ ವಿಮಾನ ಹಾರಿಸಿ ಇಂಥ ಹನಿಗಳನ್ನು ಅಳೆಯುತ್ತ ಬಂದಿದ್ದಾರೆ. ರೆಕ್ಕೆಯನ್ನು ಈ ಹನಿಗಳಿಂದ ಕಾಪಾಡಲು ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನ ಮೂರು ಕಂಪನಿಗಳು ಕೂಡಿ ಟಿಕೆಎಸ್ ಎಂಬ ವ್ಯವಸ್ಥೆ ಮಾಡಿದವು. ಅದರ ಇಂದಿನ ರೂಪದಲ್ಲಿ ರೆಕ್ಕೆಯ ಮುಂಚೂಣಿಗೆ ಕಣ್ಣಿಗೆ ಕಾಣದಷ್ಟು ಸಣ್ಣ ತೂತುಗಳ ಟೈಟಾನಿಯಂ ತಗಡು ಕೂರಿಸುತ್ತಾರೆ, ಅದರಿಂದ ಗ್ಲೈಕಾಲ್ ಎಂಬ ಸುಲಭಕ್ಕೆ ಹೆಪ್ಪುಗಟ್ಟದ ದ್ರವ ಜಿನುಗುತ್ತದೆ. ಬಡಿದ ಹನಿ ಲೋಹವನ್ನು ಮುಟ್ಟುವ ಮೊದಲೇ ಗ್ಲೈಕಾಲನ್ನು ಮುಟ್ಟುತ್ತದೆ, ಐಸಾದರೂ ಕಾಲೂರಲು ಜಾಗವಿಲ್ಲದೆ ಗಾಳಿಗೆ ಹಾರಿಹೋಗುತ್ತದೆ. ಟ್ಯಾಂಕಿನಲ್ಲಿ ಗ್ಲೈಕಾಲ್ ಇರುವ ತನಕ ಮಾತ್ರ, ಅನ್ನುವುದೂ ಸತ್ಯ. ಶಾಶ್ವತ ಲೇಪಗಳ ಹಿಂದೆ ಜಗತ್ತು ಬಿದ್ದಿರುವುದು ಈ ತಾಪತ್ರಯಕ್ಕೇ. ಆದರೆ ಲೇಪ ಗೀರುಬಿದ್ದು ಸವೆಯುತ್ತದೆ, ದ್ರವ ಪ್ರತಿ ಕ್ಷಣವೂ ಹೊಸದು. ನನ್ನ ಮತ ದ್ರವದ ಕಡೆಗೆ.

ಎಲ್ಲರಿಗೂ ಐಸು ಬಿಡಬೇಕೆಂದೇನಿಲ್ಲ. ಭೋಸರಿಯ ವರ್ಕ್‌ಶಾಪಿನವರೊಬ್ಬರು ಈಚೆಗೆ ಕೇಳಿದ್ದು ತದ್ವಿರುದ್ಧ. ಕಾಗದದಷ್ಟು ತೆಳು ಅಲ್ಯೂಮಿನಿಯಂನ ಜೇನುಗೂಡು ಹಲಗೆ, ವಿಮಾನದ ಭಾಗಕ್ಕೆ ಬಳಸುವಂಥದ್ದು, ಮಿಲ್ಲಿಂಗ್ ಮಾಡಬೇಕು. ವೈಸಿನಲ್ಲಿ ಹಿಡಿದರೆ ನಜ್ಜುಗುಜ್ಜಾಗುತ್ತದೆ. ಅದನ್ನು ತಣ್ಣಗಿನ ಲೋಹದ ಮೇಜಿನ ಮೇಲಿಟ್ಟು ಗೂಡುಗಳಿಗೆ ನೀರು ತುಂಬಿ ಹೆಪ್ಪುಗಟ್ಟಿಸಿ, ಐಸನ್ನೇ ಹಿಡಿಕೆ ಮಾಡಿಕೊಂಡು ಕತ್ತರಿಸುವ ಪದ್ಧತಿ ಇದೆ. ಅವರು ಪ್ರಯತ್ನಿಸಿದಾಗ ಹಲಗೆ ಕಟರಿನ ಜೊತೆ ಜಾರಿತಂತೆ. ನೀರು ಯಾವುದು ಎಂದು ಕೇಳಿದೆ. ಬೋರ್ ನೀರು, ತುಕ್ಕು ಹಿಡಿಯದಿರಲೆಂದು ಒಂದಿಷ್ಟು ಕೂಲೆಂಟ್ ಬೇರೆ ಬೆರೆಸಿದ್ದರು. ಅವರಿಗೆ ಹೇಳಿದ್ದು ಇಷ್ಟು: ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ತನ್ನಿ, ಮೇಜು ಮತ್ತು ಹಲಗೆಯ ಎಣ್ಣೆಜಿಡ್ಡನ್ನು ಅಸಿಟೋನಿನಲ್ಲಿ ತೆಗೆಯಿರಿ, ಮೇಜಿನ ಮೇಲ್ಮೈಯನ್ನು ಪಾಲಿಶ್ ಮಾಡದೆ ಸ್ವಲ್ಪ ಒರಟಾಗಿಯೇ ಬಿಡಿ, ಮತ್ತು ಮೈನಸ್ 13ಕ್ಕಿಂತ ಸಾಕಷ್ಟು ಕೆಳಗೆ ಇಳಿಸಿದ ಮೇಲೆ ಕಟರ್ ತಾಗಿಸಿ. ಕೆಲಸ ಮುಗಿದ ಮೇಲೆ ಬಿಡಿಸುವ ಚಿಂತೆ ಅವರಿಗಿಲ್ಲ, ತಂಪು ನಿಲ್ಲಿಸಿದರೆ ಪುಣೆಯ ಏಪ್ರಿಲ್ ಬಿಸಿಲು ನೋಡಿಕೊಳ್ಳುತ್ತದೆ.